ಊರಿಲ್ಲದ ರಾಹುಕಾಲ: ಕ್ಯಾಲೆಂಡರ್ ಮತ್ತು ಪಂಚಾಂಗ ಪ್ರಕಾಶಕರಿಗೊಂದು ಬಹಿರಂಗ ಪತ್ರ

ಕನ್ನಡದ ಗೋಡೆ ಕ್ಯಾಲೆಂಡರ್, ಪಂಚಾಂಗ ಮತ್ತು ಪಂಚಾಂಗದ ಆ್ಯಪ್‌ಗಳ ಪ್ರಕಾಶಕರಿಗೆ ಹಾಗೂ ಬೆಳಗಿನ ಜ್ಯೋತಿಷ ಕಾರ್ಯಕ್ರಮ ನಡೆಸುವ ವಾಹಿನಿಗಳ ಸಂಪಾದಕರಿಗೆ,

ಮಾನ್ಯರೇ, ಸಾದರ ನಮಸ್ಕಾರಗಳು.

ಶನಿವಾರ ಬೆಳಗ್ಗೆ ಟಿವಿ ಹಾಕಿದರೆ ಪರದೆಯ ಕೆಳಗೆ ‘ಇಂದಿನ ರಾಹುಕಾಲ 9.00ರಿಂದ 10.30’ ಎಂಬ ಸಾಲು ಓಡುತ್ತಿರುತ್ತದೆ. ಸಂಕ್ರಾಂತಿ ಹೊತ್ತಿನ ಶನಿವಾರಕ್ಕೂ ಅದೇ ಸಾಲು, ಕಾರಹುಣ್ಣಿಮೆ ಹೊತ್ತಿನ ಶನಿವಾರಕ್ಕೂ ಅದೇ ಸಾಲು. ಬೀದರಿಗೂ ಅದೇ, ಮಂಗಳೂರಿಗೂ ಅದೇ. ಗೋಡೆ ಕ್ಯಾಲೆಂಡರಿನ ಹಿಂಬದಿಯ ಕೋಷ್ಟಕದಲ್ಲೂ ಇದೇ ಅಂಕಿಗಳಿವೆ. ವರ್ಷ ಬದಲಾದರೂ ಆ ಕೋಷ್ಟಕ ಮಾತ್ರ ಹಾಗೇ ಅಚ್ಚಾಗುತ್ತ ಬಂದಿದೆ.

ರಾಹುಕಾಲವನ್ನು ನಂಬಬೇಕೋ ಬೇಡವೋ ಎಂಬ ಚರ್ಚೆಗೆ ಈ ಪತ್ರ ಬರುವುದಿಲ್ಲ. ನಂಬದವರು ಆ ಕೋಷ್ಟಕದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನಂಬುವವರು ಅದನ್ನು ನೋಡಿಯೇ ಅಂಗಡಿಯ ಬಾಗಿಲು ತೆಗೆಯುತ್ತಾರೆ, ಹೆಣ್ಣು ನೋಡಲು ಹೊರಡುತ್ತಾರೆ, ನೋಂದಣಿ ಕಚೇರಿಯಲ್ಲಿ ಸಹಿ ಹಾಕುತ್ತಾರೆ. ಅವರ ಕೈಗೆ ಹೋಗುವ ಅಂಕಿ ಶಾಸ್ತ್ರದ ಲೆಕ್ಕಕ್ಕಾದರೂ ಸರಿಯಾಗಿರಬೇಕಲ್ಲವೇ? ನಮ್ಮ ತಕರಾರು ಅಷ್ಟೇ. ತಾವು ಮಾರುತ್ತಿರುವ ಸಮಯಕ್ಕೆ ಊರಿಲ್ಲ, ಋತುವಿಲ್ಲ, ಎಷ್ಟೋ ಕಡೆ ದಿನಾಂಕವೂ ಸರಿಯಿಲ್ಲ.

ಮೊದಲು ರಾಹುಕಾಲದ ಲೆಕ್ಕವನ್ನೇ ನೋಡೋಣ. ನಿಯಮ ಬಹಳ ಸರಳ. ಆ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಭಾಗ ಮಾಡಬೇಕು. ಸೋಮವಾರ ಎರಡನೆಯ ಭಾಗ, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಬುಧವಾರ ಐದನೆಯದು, ಗುರುವಾರ ಆರನೆಯದು, ಮಂಗಳವಾರ ಏಳನೆಯದು, ಭಾನುವಾರ ಎಂಟನೆಯದು. ಸೂರ್ಯ ಸರಿಯಾಗಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ದಿನ ಒಂದೊಂದು ಭಾಗ ಒಂದೂವರೆ ಗಂಟೆಯಾಗುತ್ತದೆ. ತಾವು ಅಚ್ಚು ಹಾಕುತ್ತಿರುವುದು ಆ ಒಂದು ದಿನದ ಲೆಕ್ಕವನ್ನು, ವರ್ಷದ 365 ದಿನಕ್ಕೂ.

ಬೆಂಗಳೂರಿನಲ್ಲಿ ಜನವರಿ ಮಧ್ಯದಲ್ಲಿ ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ 6.10ಕ್ಕೆ. ಹಗಲು 685 ನಿಮಿಷ. ಎಂಟರಿಂದ ಭಾಗಿಸಿದರೆ ಒಂದು ಭಾಗಕ್ಕೆ ಎಂಬತ್ತೈದೂವರೆ ನಿಮಿಷದ ಮೇಲೆ ಚೂರು. ಶನಿವಾರದ ಮೂರನೆಯ ಭಾಗ 9.36ಕ್ಕೆ ಶುರುವಾಗಿ 11.02ಕ್ಕೆ ಮುಗಿಯುತ್ತದೆ. ಟಿವಿಯ ಸಾಲು ನೋಡಿ ‘ಹತ್ತೂವರೆ ದಾಟಿತು, ಇನ್ನು ಹೊರಡಬಹುದು’ ಎಂದು 10.35ಕ್ಕೆ ಹೊಸಿಲು ದಾಟಿದವರು ರಾಹುಕಾಲದ ನಟ್ಟನಡುವೆ ಹೊರಟಂತಾಯಿತು. ಒಂಬತ್ತರಿಂದ ಒಂಬತ್ತೂವರೆವರೆಗೆ ಸುಮ್ಮನೆ ಕುಳಿತಿದ್ದರಲ್ಲ, ಆಗ ಕಾಲ ಚೆನ್ನಾಗಿಯೇ ಇತ್ತು!

ಬೇಸಿಗೆಯಲ್ಲಿ ಇನ್ನೊಂದು ಬಗೆಯ ಎಡವಟ್ಟು. ಜೂನ್ 21ರ ಸುಮಾರಿಗೆ ಬೆಂಗಳೂರಿನ ಹಗಲು 5.54ರಿಂದ 6.48ರವರೆಗೆ, ಒಂದು ಭಾಗಕ್ಕೆ ತೊಂಬತ್ತೇಳು ನಿಮಿಷ ಸಮೀಪ. ಶನಿವಾರದ ರಾಹುಕಾಲ 9.07ಕ್ಕೇ ಬರುತ್ತದೆ, ಕೋಷ್ಟಕಕ್ಕೆ ಹತ್ತಿರವೇ. ಆದರೆ ಭಾನುವಾರದ್ದು ಸಂಜೆ 5.11ರಿಂದ 6.48. ಕೋಷ್ಟಕದಲ್ಲಿರುವುದು 4.30ರಿಂದ 6.00. ಬೆಳಗಿನ ಭಾಗಗಳಲ್ಲಿ ಅಷ್ಟಾಗಿ ಕಾಣದ ತಪ್ಪು ಸಂಜೆಯ ಹೊತ್ತಿಗೆ ಮುಕ್ಕಾಲು ಗಂಟೆಗೆ ಬೆಳೆದಿರುತ್ತದೆ.

ಹಗಲು ರಾತ್ರಿ ಸಮವಾಗುವ ದಿನವಾದರೂ ಕೋಷ್ಟಕ ಸರಿಹೊಂದುತ್ತದೆಯೇ? ಇಲ್ಲ. ನಮ್ಮ ಗಡಿಯಾರ ತೋರಿಸುವುದು 82 ಡಿಗ್ರಿ 30 ಕಲೆ (ಡಿಗ್ರಿಗೆ 60 ಕಲೆ) ಪೂರ್ವ ರೇಖಾಂಶದ ಸಮಯವನ್ನು. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ನಿಮಿಷ ತಡ. ಮಂಗಳೂರಿಗೆ ಸುಮಾರು 31 ನಿಮಿಷ, ಬೆಳಗಾವಿಗೆ 32, ಕಾರವಾರಕ್ಕೆ 33. ಇದರ ಮೇಲೆ ಸೂರ್ಯನ ಗತಿಯ ಏರುಪೇರು ಸೇರಿ ಮಾರ್ಚ್ 21ರಂದು ಬೆಂಗಳೂರಿನ ಸೂರ್ಯೋದಯ 6.24ಕ್ಕೆ ಬೀಳುತ್ತದೆ, ಸೆಪ್ಟೆಂಬರ್ 23ರಂದು 6.09ಕ್ಕೆ. ಸೆಪ್ಟೆಂಬರ್ ಕೊನೆಯಲ್ಲಿ ಕೋಷ್ಟಕ ವಾಸ್ತವಕ್ಕೆ ಹತ್ತಿರ ಬರುತ್ತದೆ, ಮಾರ್ಚಿನಲ್ಲಿ ಅರ್ಧ ಗಂಟೆಯಷ್ಟು ಜಾರಿರುತ್ತದೆ. ಎರಡೂ ಸಮಹಗಲಿನ ದಿನಗಳೇ.

ರೇಖಾಂಶ ಒಂದೇ ಆದರೆ ಸಾಕೆಂದುಕೊಳ್ಳುವವರೂ ಇದ್ದಾರೆ. ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಆದರೆ ಬೀದರ್ ಸುಮಾರು ಐದು ಡಿಗ್ರಿ ಉತ್ತರಕ್ಕಿರುವುದರಿಂದ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಒಂಬತ್ತು ನಿಮಿಷ ತಡವಾಗಿ ಹುಟ್ಟಿ, ಒಂಬತ್ತು ನಿಮಿಷ ಮುಂಚೆ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಇದು ತಿರುಗುಮುರುಗಾಗುತ್ತದೆ. ಲೊಕೇಶನ್ ಅನುಮತಿ ಕೊಡದಿದ್ದರೆ ತಾನಾಗಿಯೇ ದೆಹಲಿಯನ್ನು ಹಿಡಿದುಕೊಳ್ಳುವ ಆ್ಯಪ್‌ಗಳದ್ದು ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ: ಜೂನ್‌ನಲ್ಲಿ ದೆಹಲಿಯ ಸೂರ್ಯೋದಯ ಬೆಂಗಳೂರಿಗಿಂತ ಅರ್ಧ ಗಂಟೆ ಮುಂಚೆ, ಜನವರಿಯಲ್ಲಿ ಅರ್ಧ ಗಂಟೆ ತಡ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಊರಿನ ಹೆಸರನ್ನು ಎಷ್ಟು ಜನ ನೋಡುತ್ತಾರೆ?

ಯಮಗಂಡ, ಗುಳಿಕ ಕಾಲಗಳೂ ಇದೇ ಎಂಟು ಭಾಗದ ಲೆಕ್ಕದವು; ತಪ್ಪೂ ಅಷ್ಟೇ. ಅಭಿಜಿತ್ ಮುಹೂರ್ತದ ವಿಷಯ ಬೇರೆ ಹೇಳಲೇಬೇಕು, ಏಕೆಂದರೆ ಅದನ್ನು ಬಿಡಲು ಅಲ್ಲ, ಹಿಡಿಯಲು ನೋಡುತ್ತಾರೆ. ಹಗಲನ್ನು ಹದಿನೈದು ಭಾಗ ಮಾಡಿದರೆ ಬರುವ ಎಂಟನೆಯ ಮುಹೂರ್ತ ಅದು; ಅದರ ನಡುಬಿಂದು ಆ ಊರಿನ ನಡುಹಗಲು. ಬೆಂಗಳೂರಿನ ನಡುಹಗಲು ನವೆಂಬರ್ ಮೊದಲ ವಾರ 12.03ಕ್ಕೆ, ಫೆಬ್ರವರಿ ಎರಡನೆಯ ವಾರ 12.34ಕ್ಕೆ. ‘ಪ್ರತಿದಿನ 11.36ರಿಂದ 12.24’ ಎಂದು ಅಚ್ಚಾದ ಅಭಿಜಿತ್ ನಂಬಿ ಫೆಬ್ರವರಿಯಲ್ಲಿ 11.45ಕ್ಕೆ ಗೃಹಪ್ರವೇಶ ಮಾಡಿದವರಿಗೆ ಅಭಿಜಿತ್ ಸಿಕ್ಕಿರುವುದಿಲ್ಲ. ಅದು ಶುರುವಾಗುವುದೇ 12.10ರ ಮೇಲೆ. ದುರ್ಮುಹೂರ್ತಕ್ಕೂ ಹಗಲಿನ ಹದಿನೈದನೆಯ ಒಂದು ಭಾಗವೇ ಅಳತೆ, 48 ನಿಮಿಷ ಎಂದು ಗೂಟ ಹೊಡೆದದ್ದಲ್ಲ.

ಇನ್ನು ತಿಥಿಗೆ ಬರೋಣ. ಇಲ್ಲಿ ಆಗುತ್ತಿರುವುದು ಇದಕ್ಕೆ ವಿರುದ್ಧವಾದ ತಪ್ಪು. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ, 6 ಡಿಗ್ರಿ ಸರಿದರೆ ಒಂದು ಕರಣ. ಆ ಕ್ಷಣ ಕಲಬುರಗಿಗೂ ಕೊಡಗಿಗೂ ಒಂದೇ. ರಾಹುಕಾಲದಂತೆ ಅದನ್ನು ಊರೂರಿಗೆ ತಿದ್ದುವ ಹಾಗಿಲ್ಲ. ಊರಿನಿಂದ ಊರಿಗೆ ಬದಲಾಗುವುದು ಸೂರ್ಯೋದಯ, ಸೂರ್ಯಾಸ್ತ, ಚಂದ್ರೋದಯ. ಹಾಗಾಗಿ ತಿಥಿ ಒಂದೇ ಕ್ಷಣಕ್ಕೆ ಮುಗಿದರೂ ಆ ದಿನಕ್ಕೆ ಯಾವ ತಿಥಿಯ ಹೆಸರು ಬರಬೇಕು ಎಂಬುದು ಬದಲಾಗಬಹುದು. ರಾಹುಕಾಲವನ್ನು ತಿದ್ದದೆ ಬಿಟ್ಟು, ತಿಥಿಯ ಅಂತ್ಯಕ್ಕೆ ಮಾತ್ರ ‘ಸ್ಥಳೀಯ ತಿದ್ದುಪಡಿ’ ಮಾಡಿರುವ ಆ್ಯಪ್ ಕೂಡ ಉಂಟು. ಎರಡನ್ನೂ ಅದಲುಬದಲು ಮಾಡಿದ್ದರೆ ಸರಿಹೋಗುತ್ತಿತ್ತು.

ಹಳೆಯ ಕ್ರಮದ ಪಂಚಾಂಗಗಳಲ್ಲಿ ತಿಥಿಯ ಮುಂದೆ ಘಳಿಗೆ, ವಿಘಳಿಗೆ ಇರುತ್ತದೆ. ‘ತದಿಗೆ 32-40’ ಎಂದರೆ ಸೂರ್ಯೋದಯದಿಂದ 32 ಘಳಿಗೆ 40 ವಿಘಳಿಗೆ. ಘಳಿಗೆಗೆ 24 ನಿಮಿಷ, ವಿಘಳಿಗೆಗೆ 24 ಸೆಕೆಂಡು. 768 ನಿಮಿಷಕ್ಕೆ 16 ಸೇರಿಸಿದರೆ 784 ನಿಮಿಷ, ಅಂದರೆ 13 ಗಂಟೆ 4 ನಿಮಿಷ. ಸೂರ್ಯೋದಯ 6.20ಕ್ಕಾದರೆ ತದಿಗೆ ಮುಗಿಯುವುದು ಸಂಜೆ 7.24ಕ್ಕೆ. ಇಲ್ಲಿ ಕೂಡಿಸಬೇಕಾದ್ದು ಆ ಪಂಚಾಂಗ ಯಾವ ಊರಿಗೆ ಗಣಿತವಾಗಿದೆಯೋ ಆ ಊರಿನ ಸೂರ್ಯೋದಯಕ್ಕೆ. ಬೆಂಗಳೂರಿಗೆ ಗಣಿಸಿದ ಘಳಿಗೆಯನ್ನು ಮಂಗಳೂರಿನವರು ತಮ್ಮ ಸೂರ್ಯೋದಯಕ್ಕೆ ಕೂಡಿಸಿದರೆ ಹನ್ನೊಂದು ನಿಮಿಷ ಆಚೆ ಹೋಗುತ್ತಾರೆ. ಇದನ್ನು ಹೇಳುವ ಒಂದು ಸಾಲು ಪಂಚಾಂಗದ ಪೀಠಿಕೆಯಲ್ಲಿ ಇರಬೇಕು. ಸಂವತ್ಸರ ಫಲಕ್ಕೆ, ನವನಾಯಕರ ಫಲಕ್ಕೆ ಪುಟಗಟ್ಟಲೆ ಜಾಗ ಸಿಗುತ್ತದೆ. ಈ ಸಾಲಿಗೆ ಸಿಗುವುದಿಲ್ಲ.

ಘಳಿಗೆ ಬಿಟ್ಟು ಗಂಟೆಗೆ ಬಂದವರು ಬೇರೆ ಗೊಂದಲ ತಂದಿಟ್ಟಿದ್ದಾರೆ. ಸೋಮವಾರದ ಚೌಕದಲ್ಲಿ ‘ಚೌತಿ 2.15’ ಎಂದಿರುತ್ತದೆ. ಮಧ್ಯಾಹ್ನವೋ, ರಾತ್ರಿಯೋ? ರಾತ್ರಿಯಾದರೆ ಯಾವ ರಾತ್ರಿ? ಪಂಚಾಂಗದ ಸೋಮವಾರ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ. ಆದ್ದರಿಂದ ಸೋಮವಾರದ ಚೌಕದ ‘ರಾತ್ರಿ 2.15’ ಗಡಿಯಾರದ ಪ್ರಕಾರ ಮಂಗಳವಾರದ 2.15. ಫೋನಿನ ದಿನಾಂಕ ನಡುರಾತ್ರಿಗೇ ಬದಲಾಗುವುದನ್ನು ನೋಡಿ ಬೆಳೆದವರು ಇದನ್ನು ಭಾನುವಾರ ರಾತ್ರಿ ಕಳೆದ ಮೇಲಿನ 2.15 ಎಂದು ಓದುತ್ತಾರೆ, ಇಡೀ ಒಂದು ದಿನ ಹಿಂದೆ. ಕೆಲವರು ನಡುರಾತ್ರಿಯ ನಂತರದ ಗಂಟೆಗಳನ್ನು 26.15 ಎಂದು ಬರೆಯುತ್ತಾರೆ. ಕಣ್ಣಿಗೆ ವಿಚಿತ್ರ ಎನಿಸಿದರೂ ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಚೌಕದಲ್ಲಿ ಅಚ್ಚಾಗುವ ತಿಥಿ ಸೂರ್ಯೋದಯಕ್ಕೆ ಇರುವ ತಿಥಿ. ಸಂಕಲ್ಪಕ್ಕೆ ಅದು ಸಾಕು. ಆಚರಣೆಗೆ ಸಾಲದು, ಮತ್ತು ದೂರುಗಳೆಲ್ಲ ಹುಟ್ಟುವುದು ಇಲ್ಲಿಯೇ. 2026ರ ಯುಗಾದಿಯನ್ನೇ ತೆಗೆದುಕೊಳ್ಳಿ. ಆಕಾಶದಲ್ಲಿ ಕಾಣುವುದಕ್ಕೆ ಹೊಂದುವಂತೆ ಮಾಡುವ ಲೆಕ್ಕವಾದ ದೃಗ್ಗಣಿತದ ಪ್ರಕಾರ ಮಾರ್ಚ್ 19ರ ಗುರುವಾರ ಬೆಳಗ್ಗೆ 6.53ರವರೆಗೆ ಅಮಾವಾಸ್ಯೆ, ಬೆಂಗಳೂರಿನ ಸೂರ್ಯೋದಯ 6.25ಕ್ಕೆ. ಆಮೇಲೆ ಶುರುವಾದ ಪಾಡ್ಯ ಮರುದಿನ ಬೆಳಗಿನ ಜಾವ 4.52ಕ್ಕೇ ಮುಗಿದುಹೋಗುತ್ತದೆ, ಶುಕ್ರವಾರ ಸೂರ್ಯ ಹುಟ್ಟುವ ಹೊತ್ತಿಗೆ ಬಿದಿಗೆ. ಅಂದರೆ ಚೈತ್ರ ಶುದ್ಧ ಪಾಡ್ಯ ಯಾವ ಸೂರ್ಯೋದಯವನ್ನೂ ಮುಟ್ಟಲಿಲ್ಲ. ಇಂಥದ್ದು ಕ್ಷಯ ತಿಥಿ. ಪಾಡ್ಯ ಕ್ಷಯವಾದರೆ ಅದು ಇರುವ ದಿನವೇ ಯುಗಾದಿ ಎಂಬುದು ನಿಯಮ, ಹಾಗಾಗಿ ಹಬ್ಬ 19ಕ್ಕೆ. ಆದರೆ ಚೌಕದಲ್ಲಿ ದಪ್ಪಕ್ಷರದಲ್ಲಿ ‘ಅಮಾವಾಸ್ಯೆ’ ಎಂದೂ ಅದರ ಕೆಳಗೆ ಕೆಂಪಕ್ಷರದಲ್ಲಿ ‘ಯುಗಾದಿ’ ಎಂದೂ ಹಾಕಿ ಸುಮ್ಮನಾದರೆ ನೋಡಿದವರು ಏನೆಂದುಕೊಳ್ಳಬೇಕು? ಅಭ್ಯಂಜನ 6.53ಕ್ಕೆ ಮೊದಲೋ ಆಮೇಲೋ ಎಂದು ಕೇಳುವ ಮನೆಗೆ ಉತ್ತರ ಎಲ್ಲಿದೆ? ‘ಪಾಡ್ಯ ಕ್ಷಯವಾದ್ದರಿಂದ ಇಂದೇ ಯುಗಾದಿ’ ಎಂಬ ನಾಲ್ಕು ಪದಗಳಿಗೆ ಚೌಕದಲ್ಲಿ ಜಾಗವಿತ್ತು. ಅಲ್ಲಿ ಜಾಹೀರಾತುದಾರರ ಗುರುತು ಕುಳಿತಿತ್ತು.

ಹಬ್ಬಹಬ್ಬಕ್ಕೂ ನೋಡಬೇಕಾದ ಹೊತ್ತು ಬೇರೆ. ಗಣೇಶ ಚೌತಿಗೆ, ರಾಮನವಮಿಗೆ ಮಧ್ಯಾಹ್ನದಲ್ಲಿ ತಿಥಿ ಇರಬೇಕು, ವಿಜಯದಶಮಿಗೆ ಅಪರಾಹ್ಣ, ಶಿವರಾತ್ರಿಗೆ ನಡುರಾತ್ರಿ, ಸಂಕಷ್ಟಿಗೆ ಚಂದ್ರೋದಯ, ಲಕ್ಷ್ಮೀಪೂಜೆಗೆ ಪ್ರದೋಷ, ಅಂದರೆ ಸೂರ್ಯ ಮುಳುಗಿದ ಮೇಲಿನ ಹೊತ್ತು. ಈ ನಿಯಮ ಗೊತ್ತಿರುವವರಿಗೆ 2024ರ ದೀಪಾವಳಿಯ ಲಕ್ಷ್ಮೀಪೂಜೆ ಯಾವ ದಿನ ಎಂಬ ಗಲಾಟೆ ಆಶ್ಚರ್ಯ ತರಲಿಲ್ಲ. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3.52ರಿಂದ ನವೆಂಬರ್ 1ರ ಸಂಜೆ 6.16ರವರೆಗೆ ಇತ್ತು. ಮೊದಲ ದಿನ ಪ್ರದೋಷ ಪೂರ್ತಿ ಸಿಕ್ಕಿತು. ಎರಡನೆಯ ದಿನ ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ್ದು 5.53ಕ್ಕೆ; ಅಮಾವಾಸ್ಯೆ ಉಳಿದದ್ದು 23 ನಿಮಿಷ, ಒಂದು ಘಳಿಗೆಗೆ ಒಂದು ನಿಮಿಷ ಕಡಿಮೆ. ಮಂಗಳೂರಿನಲ್ಲಿ ಸೂರ್ಯಾಸ್ತ 6.04ಕ್ಕೆ, ಉಳಿದದ್ದು ಅರ್ಧ ಘಳಿಗೆ. ಅದೇ ಕೋಲ್ಕತ್ತದಲ್ಲಿ ಐದಕ್ಕೆ ಮೊದಲೇ ಸೂರ್ಯ ಮುಳುಗಿದ್ದರಿಂದ ಮೂರು ಘಳಿಗೆಗೂ ಹೆಚ್ಚು ಸಿಕ್ಕಿತು. ಸೂರ್ಯಾಸ್ತದ ಮೇಲೆ ಒಂದು ಘಳಿಗೆಯಾದರೂ ತಿಥಿ ಇದ್ದರೆ ಎರಡನೆಯ ದಿನವನ್ನು ಹಿಡಿಯಬೇಕು ಎಂಬ ವಾದಕ್ಕೆ ಪೂರ್ವದ ಊರುಗಳಲ್ಲಿ ಬಲವಿತ್ತು, ನಮ್ಮಲ್ಲಿ ಅದು ಕೂದಲೆಳೆಯಲ್ಲಿ ನಿಂತಿತ್ತು. ಬೇರೆ ಊರಿನ ನಿರ್ಣಯವನ್ನು ಕಣ್ಣುಮುಚ್ಚಿ ಕನ್ನಡಕ್ಕೆ ಇಳಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಯಾವ ದಿನ ಸರಿ ಎಂದು ಈ ಪತ್ರ ತೀರ್ಪು ಕೊಡುವುದಿಲ್ಲ. ಪಂಚಾಂಗಕರ್ತರು ಎರಡು ಅಭಿಪ್ರಾಯದವರಾಗಿದ್ದರೆ ಇರಲಿ. ಯಾವ ಸೂರ್ಯಾಸ್ತ ಹಿಡಿದಿರಿ, ಯಾವ ನಿಯಮ ಹಿಡಿದಿರಿ ಎಂಬುದನ್ನು ಅಚ್ಚು ಹಾಕಿದ್ದರೆ ಅಕ್ಕಪಕ್ಕದ ಮನೆಯವರು ಎರಡು ಕ್ಯಾಲೆಂಡರ್ ಹಿಡಿದು ವಾದಕ್ಕೆ ನಿಲ್ಲುತ್ತಿರಲಿಲ್ಲ.

ಹೊರಗಿನ ಮೂಲದಿಂದ ಇಳಿಸಿಕೊಳ್ಳುವ ಚಟದ ಇನ್ನೊಂದು ಗುರುತು ಮಾಸದ ಹೆಸರು. ನಮ್ಮದು ಅಮಾಂತ ಕ್ರಮ, ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ. ಮಹಾಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ. ಮಾಸ ಹುಣ್ಣಿಮೆಗೆ ಮುಗಿಯುವ ಉತ್ತರದ ಪೂರ್ಣಿಮಾಂತ ಕ್ರಮದಲ್ಲಿ ಅದೇ ದಿನ ಫಾಲ್ಗುಣ ಕೃಷ್ಣ ಚತುರ್ದಶಿ. ಕನ್ನಡದ ಆ್ಯಪ್‌ನಲ್ಲಿ ಶಿವರಾತ್ರಿಯ ದಿನ ‘ಫಾಲ್ಗುಣ’ ಎಂದು ಕಂಡರೆ ಸಂಕಲ್ಪ ಹೇಳುವವರ ಬಾಯಲ್ಲಿ ಮಾಸವೇ ತಪ್ಪುತ್ತದೆ.

ಶ್ರಾದ್ಧದ ವಿಷಯಕ್ಕೆ ಬಂದರೆ ಈ ಅಸಡ್ಡೆ ನೋಯಿಸುತ್ತದೆ. ವಾರ್ಷಿಕ ಶ್ರಾದ್ಧಕ್ಕೆ ನೋಡಬೇಕಾದ್ದು ಅಪರಾಹ್ಣದಲ್ಲಿರುವ ತಿಥಿ. ಹಗಲನ್ನು ಐದು ಭಾಗ ಮಾಡಿದರೆ ನಾಲ್ಕನೆಯದು ಅಪರಾಹ್ಣ, 6.20ರಿಂದ 6.20ರ ಹಗಲಿಗೆ ಅದು ಮಧ್ಯಾಹ್ನ 1.32ರಿಂದ 3.56. ಪಂಚಮಿ ಸೋಮವಾರ ಮಧ್ಯಾಹ್ನ 12.10ಕ್ಕೆ ಶುರುವಾಗಿ ಮಂಗಳವಾರ 12.50ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಸೋಮವಾರದ ಚೌಕಕ್ಕೆ ಚೌತಿ, ಮಂಗಳವಾರದ ಚೌಕಕ್ಕೆ ಪಂಚಮಿ. ಆದರೆ ಮಂಗಳವಾರದ ಅಪರಾಹ್ಣ ಶುರುವಾಗುವ ಹೊತ್ತಿಗೆ ಪಂಚಮಿ ಹೋಗಿಯೇ ಇರುತ್ತದೆ. ಪಂಚಮಿಯ ಶ್ರಾದ್ಧ ಸೋಮವಾರ. ಪುರೋಹಿತರನ್ನು ಕೇಳುವವರು ಪಾರಾಗುತ್ತಾರೆ. ಕ್ಯಾಲೆಂಡರ್ ನೋಡಿಯೇ ರಜೆ ಹಾಕಿ, ಬಸ್ಸು ಹಿಡಿದು, ಅಣ್ಣತಮ್ಮಂದಿರನ್ನು ಕರೆಸುವವರು ಒಂದು ದಿನ ತಡವಾಗಿ ತಂದೆಯ ತಿಥಿ ಮಾಡುತ್ತಾರೆ. ಹಳೆಯ ಪಂಚಾಂಗಗಳಲ್ಲಿ ‘ಶ್ರಾದ್ಧ ತಿಥಿ’ ಎಂಬ ಕಾಲಂ ಇರುವುದು ಇದಕ್ಕಾಗಿಯೇ. ಗೋಡೆಗೆ ಬರುವಾಗ ಅದು ಕಳಚಿಬಿತ್ತು.

ಏಕಾದಶಿಯದ್ದೂ ಹೀಗೆ ಒಂದೇ ಚೌಕದಲ್ಲಿ ಮುಗಿಯುವ ವಿಷಯವಲ್ಲ. ಸ್ಮಾರ್ತರು ಸೂರ್ಯೋದಯದ ತಿಥಿ ನೋಡಿದರೆ, ವೈಷ್ಣವರು ಅದಕ್ಕೂ ನಾಲ್ಕು ಘಳಿಗೆ ಹಿಂದಿನ ಅರುಣೋದಯವನ್ನು ನೋಡುತ್ತಾರೆ. 6.20ರ ಸೂರ್ಯೋದಯಕ್ಕೆ ಅರುಣೋದಯ 4.44. ಆ ಹೊತ್ತಿಗೆ ದಶಮಿ ಚೂರು ಉಳಿದಿದ್ದರೂ ವೇಧೆ, ಅಂದರೆ ಏಕಾದಶಿಗೆ ದಶಮಿಯ ಸೋಂಕು; ಉಪವಾಸ ಮರುದಿನಕ್ಕೆ. ಇನ್ನು ಪಾರಣೆ, ಅಂದರೆ ಉಪವಾಸ ಬಿಡುವುದು. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ, ಅದು ಕಳೆಯುವವರೆಗೆ ಊಟವಿಲ್ಲ. ದ್ವಾದಶಿ ಬೆಳಗಿನ ಜಾವ 4ಕ್ಕೆ ಶುರುವಾಗಿ 24 ಗಂಟೆ ಇದ್ದರೆ ಪಾರಣೆ 10ರ ನಂತರ. ‘ಸೂರ್ಯೋದಯಕ್ಕೆ ಪಾರಣೆ’ ಎಂದು ಕಣ್ಣುಮುಚ್ಚಿ ಹಾಕಿದರೆ ವ್ರತ ಕೆಟ್ಟಿತು. ಅದಕ್ಕೆ ವಿರುದ್ಧವಾಗಿ ದ್ವಾದಶಿ ಬೆಳಗ್ಗೆ 7.05ಕ್ಕೇ ಮುಗಿಯುವ ಸಾಧನ ದ್ವಾದಶಿಯಲ್ಲಿ ಎಂಟಕ್ಕೆ ಎದ್ದವರಿಗೆ ದ್ವಾದಶಿಯೇ ಸಿಗುವುದಿಲ್ಲ. ನಿರ್ಜಲ ಉಪವಾಸ ಮಾಡಿದ ವಯಸ್ಸಾದವರು ಮರುದಿನ ಎಷ್ಟು ಹೊತ್ತಿಗೆ ನೀರು ಕುಡಿಯಬಹುದು ಎಂಬುದು ಕ್ಯಾಲೆಂಡರಿನ ಒಂದು ಅಂಕಿಯ ಮೇಲೆ ನಿಂತಿರುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ.

ಇಷ್ಟೆಲ್ಲ ಸರಿಮಾಡಿದರೂ ಎರಡು ಪಂಚಾಂಗ ಹೊಂದುವುದಿಲ್ಲ, ಅದಕ್ಕೆ ಕಾರಣ ಗಣಿತದ ಪದ್ಧತಿ. ಹಳೆಯ ಗ್ರಂಥವಾದ ಸೂರ್ಯಸಿದ್ಧಾಂತದ ಪದ್ಧತಿಯಲ್ಲಿ ಚಂದ್ರನಿಗೆ ಒಂದೇ ದೊಡ್ಡ ಸಂಸ್ಕಾರ, ಅಂದರೆ ಗತಿಯ ತಿದ್ದುಪಡಿ. ದೃಗ್ಗಣಿತದಲ್ಲಿ ಸಣ್ಣಪುಟ್ಟವೂ ಸೇರಿ ಅನೇಕ. ಹಳೆಯ ಗಣಿತವನ್ನು ಗ್ರಹಣಗಳಿಗೆ ಹೊಂದಿಸಿ ಕಟ್ಟಿದ್ದರಿಂದ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಎರಡೂ ಹತ್ತಿರ ಬರುತ್ತವೆ. ಅಷ್ಟಮಿಯ ಸುತ್ತ ಗಂಟೆಗಳಷ್ಟು ದೂರ ಹೋಗಬಹುದು. ‘ಬಾಣವೃದ್ಧಿ ರಸಕ್ಷಯ’ ಎಂಬ ಹಳೆಯ ಮಾತಿನಂತೆ ತಿಥಿ 60 ಘಳಿಗೆಗಿಂತ ಹೆಚ್ಚೆಂದರೆ 5 ಬೆಳೆದು, 6 ಇಳಿಯಬೇಕು. ದೃಗ್ಗಣಿತದಲ್ಲಿ ತಿಥಿ 20 ಗಂಟೆಯ ಆಸುಪಾಸಿನಿಂದ 26 ಮುಕ್ಕಾಲು ಗಂಟೆಯವರೆಗೆ ಹೋಗುತ್ತದೆ. ಘಳಿಗೆಯಲ್ಲಿ ಸುಮಾರು 50ರಿಂದ 67. ಯಾವುದನ್ನು ಹಿಡಿಯಬೇಕೆಂಬುದು ಮಠಗಳಿಗೆ, ಮನೆಗಳಿಗೆ ಬಿಟ್ಟ ವಿಚಾರ. ಆದರೆ ತಿಥಿಗೆ ಒಂದು ಗಣಿತ, ಗ್ರಹಣಕ್ಕೆ ಇನ್ನೊಂದು ಗಣಿತ ಬಳಸಿ ಅದನ್ನು ಎಲ್ಲಿಯೂ ಹೇಳದೆ ಇರುವುದು ಸರಿಯಲ್ಲ.

ರಾಶಿ, ನಕ್ಷತ್ರಗಳ ಲೆಕ್ಕ ಆಕಾಶದ ಯಾವ ಬಿಂದುವಿನಿಂದ ಶುರು ಎಂಬುದನ್ನು ಗೊತ್ತುಮಾಡುವ ಅಯನಾಂಶವೂ ಹೀಗೆಯೇ ಮುಚ್ಚಿಟ್ಟ ವಿಷಯ. ತಿಥಿ, ಕರಣಗಳು ಸೂರ್ಯ–ಚಂದ್ರರ ಅಂತರ; ಯಾವ ಅಯನಾಂಶ ಹಿಡಿದರೂ ಆ ಅಂತರ ಬದಲಾಗುವುದಿಲ್ಲ. ನಕ್ಷತ್ರ ಬದಲಾಗುತ್ತದೆ: 6 ಕಲೆಯ ವ್ಯತ್ಯಾಸಕ್ಕೆ ಸುಮಾರು 11 ನಿಮಿಷ. ಯೋಗ ಸೂರ್ಯ–ಚಂದ್ರರ ಸ್ಥಾನಗಳ ಮೊತ್ತವಾದ್ದರಿಂದ ವ್ಯತ್ಯಾಸ ಇಮ್ಮಡಿಸಿ 20 ನಿಮಿಷ. ನಕ್ಷತ್ರ ಸರಿದರೆ ಅದರಿಂದ ಲೆಕ್ಕಹಾಕುವ ವಿಷಘಳಿಗೆ, ಅಮೃತಘಳಿಗೆಗಳೂ ಸರಿಯುತ್ತವೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಸಂಕ್ರಮಣ ಇನ್ನೂ ಹೆಚ್ಚು ಜಾರುತ್ತದೆ, ಏಕೆಂದರೆ ಸೂರ್ಯ ನಿಧಾನಿ. ಅದೇ 6 ಕಲೆಗೆ ಎರಡೂವರೆ ಗಂಟೆ. ಇದರಿಂದ ಏನಾದೀತು ಎಂಬುದಕ್ಕೆ ಪರಾಭವ ಸಂವತ್ಸರದ ಅಧಿಕ ಜ್ಯೇಷ್ಠವನ್ನೇ ನೋಡಿ. ಸಂಕ್ರಮಣವಿಲ್ಲದ ಚಾಂದ್ರಮಾಸ ಅಧಿಕ. 2026ರ ಮೇ 17ಕ್ಕೆ ಶುರುವಾದ ಆ ಮಾಸದ ಅಮಾವಾಸ್ಯೆ ಮುಗಿಯುವುದು ಜೂನ್ 15ರ ಬೆಳಗ್ಗೆ 8.24ಕ್ಕೆ, ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗ ಬಳಸುವ ಅಯನಾಂಶದಂತೆ ಮಿಥುನ ಸಂಕ್ರಮಣ ಅದೇ ದಿನ ಮಧ್ಯಾಹ್ನ ಒಂದರ ಆಸುಪಾಸಿಗೆ. ನಾಲ್ಕೈದು ಗಂಟೆಯ ಅಂತರದಲ್ಲಿ ಒಂದು ಇಡೀ ತಿಂಗಳು ಅಧಿಕವೆನಿಸಿಕೊಂಡಿತು. ಒಂದೂವರೆ ಡಿಗ್ರಿಯಷ್ಟು ಬೇರೆಯಾದ ಅಯನಾಂಶವನ್ನು ಆಯ್ದುಕೊಳ್ಳಲು ಬಿಡುವ ಆ್ಯಪ್‌ನಲ್ಲಿ ಆ ಗುಂಡಿ ಒತ್ತಿದರೆ ಸಂಕ್ರಮಣ ಒಂದೂವರೆ ದಿನ ಹಿಂದೆ ಬಂದು, ಅಧಿಕ ಮಾಸವೇ ಜಾಗ ಬದಲಿಸಬೇಕಾಗುತ್ತದೆ. ಒತ್ತುವವರಿಗೆ ಇದರ ಅರಿವೇ ಇರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಕೋರಿಕೆಗಳು ಇವು.

ಆರರಿಂದ ಆರರ ರಾಹುಕಾಲದ ಕೋಷ್ಟಕವನ್ನು ದಯವಿಟ್ಟು ಕೈಬಿಡಿ. ಬದಲಿಗೆ ತಿಂಗಳ ಪುಟದಲ್ಲಿ ವಾರಕ್ಕೊಮ್ಮೆ ಸೂರ್ಯೋದಯ, ಸೂರ್ಯಾಸ್ತ ಮತ್ತು ವಾರದ ಏಳೂ ದಿನಗಳ ರಾಹುಕಾಲ ಕೊಡಿ; ಒಂದು ವಾರದಲ್ಲಿ ಸೂರ್ಯೋದಯ ಐದಾರು ನಿಮಿಷಕ್ಕಿಂತ ಹೆಚ್ಚು ಸರಿಯುವುದಿಲ್ಲ, ಅಷ್ಟು ಸಾಕು. ಮುಖ್ಯ ಊರುಗಳಿಗೆ ಕೂಡಿಸಬೇಕಾದ, ಕಳೆಯಬೇಕಾದ ನಿಮಿಷಗಳ ಸಣ್ಣ ಪಟ್ಟಿ ಪಕ್ಕದಲ್ಲಿರಲಿ, ತಿಂಗಳಿಗೊಂದರಂತೆ. ಬೀದರ್, ಕಲಬುರಗಿಯ ಅಂಕಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ವರ್ಷಕ್ಕೆಲ್ಲ ಒಂದೇ ಅಂಕಿ ಸಾಲದು. ವಾಹಿನಿಯವರು ಪರದೆಯ ಸಾಲಿನಲ್ಲಿ ಊರಿನ ಹೆಸರು ಸೇರಿಸಿದರೂ ಅರ್ಧ ಕೆಲಸ ಆದಂತೆ.

ಪಂಚಾಂಗ ಯಾವ ಊರಿಗೆ ಗಣಿತವಾಗಿದೆ, ಸೂರ್ಯೋದಯ ಎಂದರೆ ಬಿಂಬದ ಮೇಲಂಚು ಕಂಡದ್ದೋ, ನಡುಬಿಂಬ ದಿಗಂತಕ್ಕೆ ಬಂದದ್ದೋ ಎಂಬುದನ್ನು ಮೊದಲ ಪುಟದಲ್ಲಿ ಬರೆಯಿರಿ. ಎರಡಕ್ಕೂ ನಮ್ಮ ಕಡೆ ಮೂರ್ನಾಲ್ಕು ನಿಮಿಷ ವ್ಯತ್ಯಾಸವಿದೆ. ಅರುಣೋದಯ ವೇಧೆಯಂಥ ಬಿಗಿ ಲೆಕ್ಕದಲ್ಲಿ ಅದು ಒಂದು ದಿನವನ್ನೇ ಬದಲಿಸಬಲ್ಲದು. ಯಾವ ಸಿದ್ಧಾಂತ, ಯಾವ ಅಯನಾಂಶ ಎಂಬುದೂ ಅಲ್ಲಿಯೇ ಇರಲಿ.

ನಡುರಾತ್ರಿ ದಾಟಿದ ಸಮಯಗಳಿಗೆ ಮರುದಿನದ ದಿನಾಂಕವನ್ನೂ ಹಾಕಿ, ಇಲ್ಲವೇ 26.15ರ ಕ್ರಮ ಹಿಡಿಯಿರಿ. ಶ್ರಾದ್ಧ ತಿಥಿಯ ಕಾಲಂ ವಾಪಸ್ ತನ್ನಿ. ಏಕಾದಶಿಗೆ ಸ್ಮಾರ್ತ, ವೈಷ್ಣವ ಎರಡೂ ದಿನ ಗುರುತಿಸಿ, ಪಾರಣೆಯ ಆರಂಭ ಮತ್ತು ಕೊನೆ ಎರಡನ್ನೂ ಕೊಡಿ. ತಿಥಿ ಹಂಚಿಹೋದ ಹಬ್ಬಗಳಲ್ಲಿ ನಿರ್ಣಯದ ಕಾರಣವನ್ನು ಒಂದೇ ಸಾಲಿನಲ್ಲಿ ತಿಳಿಸಿ: ‘ಪ್ರದೋಷದಲ್ಲಿ ಅಮಾವಾಸ್ಯೆ ಇಂದು’, ‘ಚಂದ್ರೋದಯಕ್ಕೆ ಚೌತಿ ಇಂದು’, ಇಷ್ಟೇ.

ಆ್ಯಪ್ ತಯಾರಿಸುವವರಿಗೆ ಒಂದು ಮಾತು ಹೆಚ್ಚು. ಲೊಕೇಶನ್ ಸಿಗದಿದ್ದರೆ ಯಾವುದೋ ಊರನ್ನು ಹಿಡಿದು ಅಂಕಿ ತೋರಿಸುವ ಬದಲು ಊರು ಕೇಳಿ, ಉತ್ತರ ಬರುವವರೆಗೆ ರಾಹುಕಾಲದ ಜಾಗ ಖಾಲಿ ಬಿಡಿ. ಅಯನಾಂಶ ಬದಲಿಸುವ ಗುಂಡಿ ಕೊಡುವುದಾದರೆ ಅದರಿಂದ ನಕ್ಷತ್ರ, ಯೋಗ, ಸಂಕ್ರಮಣಗಳು ಬದಲಾಗುತ್ತವೆ ಎಂಬ ಎಚ್ಚರಿಕೆಯೂ ಜೊತೆಗಿರಲಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಇಲ್ಲಿನ ಹಬ್ಬದ ದಿನಾಂಕವನ್ನೇ ತೋರಿಸಬೇಡಿ. ತಿಥಿಯ ಕ್ಷಣವನ್ನು ಅಲ್ಲಿನ ಗಡಿಯಾರಕ್ಕೆ ತಿರುಗಿಸಿ, ಅಲ್ಲಿನ ಸೂರ್ಯೋದಯಕ್ಕೆ ಹೊಂದಿಸಿ ಮತ್ತೆ ನಿರ್ಣಯ ಮಾಡಬೇಕಾಗುತ್ತದೆ.

ಕೊನೆಯದಾಗಿ, ಗಣಿತ ಮಾಡಿದವರು ಯಾರು ಎಂಬುದನ್ನು ಅಚ್ಚು ಹಾಕಿ, ತಪ್ಪು ಕಂಡರೆ ಬರೆಯಲು ಒಂದು ವಿಳಾಸ ಕೊಡಿ. ಮುದ್ರಕರ ಹೆಸರು, ಕಾಗದ ಪೂರೈಸಿದವರ ಹೆಸರು ಇರುವ ಕ್ಯಾಲೆಂಡರಿನಲ್ಲಿ ಪಂಚಾಂಗಕರ್ತರ ಹೆಸರು ಹುಡುಕಿದರೂ ಸಿಗುವುದಿಲ್ಲ. ಪ್ಲವಂಗ ಸಂವತ್ಸರದ ಯುಗಾದಿ 2027ರ ಏಪ್ರಿಲ್ 7ಕ್ಕೆ. ಅದಕ್ಕೂ ಮುಂಚೆ, ಜನವರಿಗೇ, ತಮ್ಮ ಗೋಡೆ ಕ್ಯಾಲೆಂಡರ್‌ಗಳು ಮಾರುಕಟ್ಟೆಗೆ ಬರುತ್ತವೆ. ಅಚ್ಚಿಗೆ ಹೋಗುವ ಮುನ್ನ ಈ ತಿದ್ದುಪಡಿಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡಲಾಗದು, ಏಕೆ ಎಂಬುದನ್ನು ಬಹಿರಂಗವಾಗಿಯೇ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಪಂಚಾಂಗ ನೋಡಿ ದಿನ ನಡೆಸುವ ಓದುಗರು